ಅತಿ ಜರೂರು ಟಪಾಲು

ಓಟಗಾರ್ತಿ ಕಸ್ತೂರಿ ಒಂದು ಕಚೇರಿಯಲ್ಲಿ ದಿನಕ್ಕೆ ಅರ್ಧ ಹೊತ್ತಿನ ಕೆಲಸದ ತರಬೇತಿಗೆ ಸೇರಿದ್ದಳು. ರಾಜ್ಯ ತಂಡದ ಆಯ್ಕೆಗೆ ಹತ್ತೇ ದಿನ ಉಳಿದಿತ್ತು. ಆಗಲೇ ಸೂಪರಿಂಟೆಂಡೆಂಟ್ ಹಾಲಪ್ಪನವರು ಅವಳ ಅಭ್ಯಾಸದ ಹೊತ್ತಿಗೂ ಕೆಲಸ ಹಚ್ಚಿದರು: ಆರು ಕಿಲೋಮೀಟರ್ ದೂರದ ಜಿಲ್ಲಾ ಕಚೇರಿಗೆ ದಿನಾ ಟಪಾಲು ಮುಟ್ಟಿಸಬೇಕು. ಕಸ್ತೂರಿ ಬೂಟು ಕಟ್ಟಿಕೊಂಡು ದಿನಾ ಓಡಿಯೇ ಮುಟ್ಟಿಸಿದಳು.

ಸುದ್ದಿ ಹಾಲಪ್ಪನವರ ಕಿವಿಗೆ ಬಿತ್ತು. "ಕಚೇರಿ ವೇಳೆಯಲ್ಲಿ ಓಟದ ಅಭ್ಯಾಸವೇನಮ್ಮಾ? ಇನ್ನು ಮೇಲೆ ನಡೆದುಕೊಂಡೇ ಹೋಗಬೇಕು."

"ಆಗಲಿ ಸರ್. ಆದರೆ ಪ್ರತಿ ಪತ್ರದ ಮೇಲೂ ನೀವು 'ಅತಿ ಜರೂರು' ಅಂತ ಮೊಹರು ಹಾಕ್ತೀರಲ್ಲ. ಇವತ್ತಿನದರ ಮೇಲೆ 'ಅವಸರವಿಲ್ಲ' ಅಂತ ಬರೆದು ಸಹಿ ಮಾಡಿಕೊಡಿ."

ಮೂವತ್ತು ವರ್ಷದ ಸರ್ವಿಸಿನಲ್ಲಿ ಹಾಲಪ್ಪನವರು ಅಂಥದ್ದನ್ನು ಬರೆದವರಲ್ಲ. ಪೆನ್ನು ತೆಗೆದರು, ಮುಚ್ಚಿದರು. ಆಮೇಲೆ ಅದೇ ಹಳೇ ಮೊಹರನ್ನು ಪತ್ರದ ಮೇಲೆ ಒತ್ತಿ, ಅವಳ ಮುಖ ನೋಡದೆ, "ಹೊರಡಮ್ಮ, ಹೊತ್ತಾಯ್ತು" ಅಂದರು.