ಒಂದು ಮೊಳ ಹಗ್ಗ

ಊರಾಚೆಯ ಹುಣಸೆ ತೋಪಿನ ಗುಡಿಸಿಲಲ್ಲಿ ಶ್ರೀ ಗವಿಯಪ್ಪ ಸ್ವಾಮಿಗಳು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತ ಕುಳಿತಿರುತ್ತಿದ್ದರು. ಕಾಣಿಕೆ ಮುಟ್ಟಿದವರಲ್ಲ. ಹಗ್ಗ ಒಯ್ದವರು ಕೊಟ್ಟ ರಾಗಿಹಿಟ್ಟಿನಲ್ಲೇ ಒಂದು ಹೊತ್ತಿನ ಮುದ್ದೆ, ಅದೇ ಪ್ರಸಾದ.

ಅಂಥವರನ್ನು ಮುನಿಶಾಮಪ್ಪ ತನ್ನ ಕೊಟ್ಟಿಗೆಗೆ ಕರೆತಂದದ್ದು ಹೆಂಡತಿ ಪಿಳ್ಳಮ್ಮನ ಕಾಟ ತಾಳಲಾರದೆ. ಹದಿನಾಲ್ಕು ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕುವವನು ಅವನು. ಹಸುವನ್ನು ಅಳೆಯಲು ಅವನ ಬಳಿ ಇದ್ದದ್ದು ಒಂದೇ ಮಾಪು, ಹಾಲಿನ ಕ್ಯಾನು. ಆ ಮಾಪಿನಲ್ಲಿ ಬೆಳ್ಳಿ ಎಂಬ ಹಸು ಸೋತಿತ್ತು. ಹಾಲು ಅರ್ಧಕ್ಕಿಳಿದಿತ್ತು, ಮುಂಗಾಲ ಮಂಡಿ ಊದಿತ್ತು, ಡಾಕ್ಟರ ಸೂಜಿಗೂ ಬಗ್ಗಿರಲಿಲ್ಲ. ಮಾರನೆಯ ದಿನ ದಲ್ಲಾಳಿ ಬರುವವನಿದ್ದ. ಅವನು ಒಯ್ದ ಹಸು ಇನ್ನೊಂದು ಕೊಟ್ಟಿಗೆ ಸೇರುವುದಿಲ್ಲವೆಂದು, ಬೆಳ್ಳಿಯನ್ನು ಕರುವಿನಿಂದ ಸಾಕಿದ ಪಿಳ್ಳಮ್ಮನಿಗೆ ಗೊತ್ತಿತ್ತು.

"ನೋಡಿ ಸ್ವಾಮಿ, ದಿನಕ್ಕೆ ಮೂರು ಸಲ ತೊಳಿಸ್ತೀನಿ. ಈ ಸಿಮೆಂಟು ನೆಲದ ಮೇಲೆ ಎಲೆ ಹಾಕ್ಕೊಂಡು ಉಣ್ಣಬಹುದು. ಸಗಣಿ ಸೀದಾ ಚರಂಡಿಗೇ ಬೀಳ್ಲಿ ಅಂತ ಹಗ್ಗಾನೂ ಗಿಡ್ಡಕ್ಕೆ ಕಟ್ಟಿದ್ದೀನಿ. ಇನ್ನೇನು ಮಾಡ್ಲಿ? ಒಂದಿಷ್ಟು ತೀರ್ಥ ಹಾಕಿ, ಇವಳ ಬಾಯಾದ್ರೂ ಮುಚ್ಲಿ," ಎಂದ ಮುನಿಶಾಮಪ್ಪ.

"ಮೊದ್ಲು ನೀವು ಮುಚ್ಕೊಳ್ಳಿ, ದೊಡ್ಡೋರು ನೋಡ್ತಾವ್ರೆ," ಎಂದಳು ಪಿಳ್ಳಮ್ಮ.

ಸ್ವಾಮಿಗಳು ತೀರ್ಥ ಹಾಕಲಿಲ್ಲ. ಬಾಗಿಲಲ್ಲಿ ಮೆಟ್ಟು ಬಿಟ್ಟು, ಸರಕು ಬಲ್ಲವನು ಕಣ್ಣಲ್ಲೇ ತೂಗುವಂತೆ ಒಂದೊಂದು ಹಸುವನ್ನೂ ನೋಡಿದರು. ನಡು ಮಧ್ಯಾಹ್ನ, ಮೇವು ಮುಗಿದ ಹೊತ್ತು. ಹದಿನಾಲ್ಕೂ ನಿಂತೇ ಇದ್ದವು. ಒಂದರ ಬಾಯಲ್ಲೂ ಮೆಲುಕಿಲ್ಲ. ಅವರು ಬೆಳ್ಳಿಯ ಮಂಡಿ ಸವರಿದರು. ಆಮೇಲೆ ಅದರ ಕೊರಳಿನ ಹಗ್ಗ ಬಿಚ್ಚಿ ತಮ್ಮ ಕೊರಳಿಗೇ ಹಾಕಿಕೊಂಡರು.

"ಅಯ್ಯಯ್ಯೋ, ಸ್ವಾಮಿ!" ಎಂದು ಮುನಿಶಾಮಪ್ಪ ಓಡಿಬರುವಷ್ಟರಲ್ಲಿ ಅವರು ಒದ್ದೆ ಸಿಮೆಂಟಿನ ಮೇಲೆ ಹಸುವಿನಂತೆ ಮಂಡಿಯೂರಿ, ಮಲಗಲು ಬಾಗಿದ್ದರು. ಗೋದಲಿಗೆ ಕಟ್ಟಿದ್ದ ಆ ಗಿಡ್ಡ ಹಗ್ಗ ಬಿಗಿಯಿತು. ಎಪ್ಪತ್ತು ದಾಟಿದ ಆ ತಲೆ ನೆಲದಿಂದ ಒಂದು ಮೊಳ ಮೇಲೆಯೇ ನಿಂತುಬಿಟ್ಟಿತು.

"ಈ ಹಸು ಮಲಗಿ ಎಷ್ಟು ದಿನವಾಯಿತಪ್ಪ?"

ಯಾವ ಹಸು ಎಷ್ಟು ಲೀಟರು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ ಮುನಿಶಾಮಪ್ಪ ಈಗ ಹೆಂಡತಿಯ ಮುಖ ನೋಡಿದ. ಆಮೇಲೆ ಅವನೇ ಆ ಕುಣಿಕೆ ಬಿಚ್ಚಿದ. ಸ್ವಾಮಿಗಳು ಹೆಗಲ ಮೇಲಿದ್ದ ಕತ್ತಾಳೆ ಹಗ್ಗದ ಸುರುಳಿಯನ್ನು ಅವನ ಕೈಗಿತ್ತರು.

"ಎಲ್ಲಕ್ಕೂ ಉದ್ದ ಮಾಡು. ನೆಲ ಒಣಗಿಸಿ ಹುಲ್ಲು ಹಾಸು. ಮಾರುವ ಮಾತು ಆಮೇಲೆ."

ಹುಲ್ಲು ಹಾಸಿದ್ದೇ ತಡ, ಬೆಳ್ಳಿ ಮೂಸಿ ನೋಡಿತು, ಮಂಡಿಯೂರಿತು, ಹಿಂದೆಗೆಯಿತು, ಮತ್ತೆ ಊರಿತು. ಕಡೆಗೆ ಮೈಯೆಲ್ಲ ಚೆಲ್ಲಿ ಮಲಗಿ, ಮಾರುದ್ದದ ಉಸಿರೊಂದನ್ನು ಬಿಟ್ಟಿತು. ಅದರ ದವಡೆ ಆಡತೊಡಗಿತು. ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಕೊಟ್ಟಿಗೆಯೇ ಮಲಗಿ ಮೆಲುಕು ಹಾಕುತ್ತಿತ್ತು. "ನೋಡ್ರೀ, ನಿಮ್ಮ ಕ್ಯಾನುಗಳೆಲ್ಲ ಮಲಗ್ಕೊಂಡವೆ!" ಎಂದು ಪಿಳ್ಳಮ್ಮ ಕಣ್ಣೊರೆಸಿಕೊಂಡು ನಕ್ಕಳು.

ಮಾರನೆಯ ದಿನ ದಲ್ಲಾಳಿ ಬಂದ. "ಎಲ್ಲಣ್ಣ ಹಸು?"

"ಮಲಗಿದೆ. ಎಬ್ಬಿಸ್ಬೇಡ, ಹೋಗು."

ತಿಂಗಳೊಳಗೆ ಬೆಳ್ಳಿಯ ಮಂಡಿ ಇಳಿಯಿತು, ಹಾಲು ಏರಿತು. ಪವಾಡವೆನ್ನುವವರು ಅನ್ನಲಿ. ಮುನಿಶಾಮಪ್ಪ ಮಾತ್ರ ಮುಂದೆ ಯಾರ ಕೊಟ್ಟಿಗೆಗೆ ಹೋದರೂ ಹಾಲೆಷ್ಟೆಂದು ಕೇಳಲಿಲ್ಲ. ಮಧ್ಯಾಹ್ನವೇ ಹೋಗಿ, ಬಾಗಿಲಲ್ಲಿ ಮೆಟ್ಟು ಬಿಟ್ಟು, ಮಲಗಿದ ಹಸುಗಳನ್ನು ಎಣಿಸುತ್ತಿದ್ದ. ಎಲ್ಲವೂ ನಿಂತೇ ಇದ್ದರೆ ಒಂದು ಹಸುವಿನ ಹಗ್ಗ ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡು ಮಂಡಿಯೂರುತ್ತಿದ್ದ. ಮೊದಮೊದಲು ನಕ್ಕವರೇ ಆಮೇಲೆ ಅವನನ್ನು ಕರೆಸಿಕೊಂಡರು. ಆ ಸುತ್ತಿನ ಹಳ್ಳಿಗಳಲ್ಲಿ ಹಗ್ಗ ಉದ್ದವಾದದ್ದು ಹೀಗೆ.