ಹದಿನೆಂಟು ಅಡಿ ದೋಣಿಗೆ ಎರಡು ಪೆಟ್ಟಿಗೆ ಹಾಡು

ನದಿಯೊಂದು ಕಡಲು ಸೇರುವ ಜಾಗದಲ್ಲಿ ಜಟ್ಟಪ್ಪ ಎಂಬ ಅಂಬಿಗನಿದ್ದ. ಅವನಿಗೆ ಹದಿನೆಂಟು ಅಡಿಯ ಒಂದು ಹಾಯಿದೋಣಿ ಇತ್ತು. ಅವನೂ ಹೆಂಡತಿ ಮಾದೇವಿಯೂ ಆಚೆ ದಡದ ಗೆಣಸು, ಬದನೆ, ಬಾಳೆನಾರು ಸೇರಿಸಿ ಹೆಣೆದ ಈರುಳ್ಳಿ ಜಡೆಗಳನ್ನು ಈಚೆ ದಡದ ಸಂತೆಗೆ ತರುತ್ತಿದ್ದರು.

ಆ ನೀರಿನಲ್ಲಿ ಮರಳಿನ ದಿಬ್ಬಗಳು ವಾರಕ್ಕೊಮ್ಮೆ ಜಾಗ ಬದಲಿಸುತ್ತವೆ. ಆದ್ದರಿಂದ ಅಲ್ಲಿ ದೋಣಿ ನಡೆಸಲು ಇಬ್ಬರು ಬೇಕು. ಹಿಂದೆ ಕೂತವರು ಚುಕ್ಕಾಣಿ ಹಿಡಿಯುತ್ತಾರೆ. ಮುಂದೆ ಕೂತವರು ಬಿದಿರಿನ ಗಳದಿಂದ ಆಳ ನೋಡಿ ಕೂಗಿ ಹೇಳುತ್ತಾರೆ. ಮುಂದೆ ಕೂತವರು ಹಿಂದೆ ತಿರುಗಿ ನೋಡಬಾರದು. ತಿರುಗಿದ ಗಳಿಗೆಯಲ್ಲೇ ದಿಬ್ಬ ಬರುತ್ತದೆ ಎಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಹಾಗಾಗಿ ಜಟ್ಟಪ್ಪನಿಗೆ ದಿನವೂ ಕಾಣುತ್ತಿದ್ದದ್ದು ಮಾದೇವಿಯ ಬೆನ್ನು, ಕೇಳುತ್ತಿದ್ದದ್ದು ಅವಳ ದನಿ.

ಅವರಿಬ್ಬರ ನಡುವಿನ ಹಲಗೆಯ ಮೇಲೆ ಮಗಳು ಕುಸುಮ ಕೂರುತ್ತಿದ್ದಳು, ತೊಡೆಯ ಮೇಲೆ ಒಂದು ಚಿಕ್ಕ ರೇಡಿಯೊ ಇಟ್ಟುಕೊಂಡು. ಆ ರೇಡಿಯೊವನ್ನು ಅಂಗಡಿಯಲ್ಲಿ ಆರಿಸಿದವಳೂ ಅವಳೇ. ಹನ್ನೊಂದನೆಯ ವರ್ಷದಲ್ಲಿ ಅವಳಿಗೆ ಜ್ವರ ಬಂತು. ಅವಳು ಉಳಿಯಲಿಲ್ಲ.

ಆಮೇಲೆ ರೇಡಿಯೊ ಆ ಹಲಗೆಯ ಮೇಲೆ ಒಂಟಿಯಾಗಿ ಹಾಡುತ್ತಿತ್ತು. ಒಂದು ಚಳಿಗಾಲದಲ್ಲಿ ಉಪ್ಪುಗಾಳಿ ಅದರ ಒಳಗನ್ನೂ ತಿಂದಿತು. ದೋಣಿಯಲ್ಲಿ ಮೌನ ತುಂಬಿಕೊಂಡಿತು. ಜಟ್ಟಪ್ಪನಿಗೆ ಆ ಮೌನವನ್ನು ತಾಳಲು ಆಗಲಿಲ್ಲ.

ಅವನು ಪೇಟೆಯಲ್ಲಿ ಹಾಡಿನ ಸೆಟ್ಟು, ಸ್ಪೀಕರ್ ಪೆಟ್ಟಿಗೆ ಮಾರುವ ಪೆದ್ರುವಿನ ಅಂಗಡಿಗೆ ಹೋದ.

"ದೋಣಿ ಎಷ್ಟು ಉದ್ದ, ಜಟ್ಟಪ್ಪಣ್ಣ?" ಎಂದು ಪೆದ್ರು ಕೇಳಿದ.

"ಹದಿನೆಂಟು ಅಡಿ."

"ಹಾಗಾದರೆ ಈ ಒಂಟಿ ಪೆಟ್ಟಿಗೆಯದು ಧಾರಾಳ ಆಯಿತು."

"ಬೇಡ. ಆ ಎರಡು ದೊಡ್ಡ ಪೆಟ್ಟಿಗೆಯದು ಕೊಡು."

"ದೋಣಿಗೋ, ಮದುವೆ ಚಪ್ಪರಕ್ಕೋ ಮಾರಾಯಾ? ಮೀನೆಲ್ಲ ಕಿವಿ ಮುಚ್ಚಿಕೊಳ್ತವೆ!"

ಜಟ್ಟಪ್ಪ ನಗಲಿಲ್ಲ. "ಅದು ಹಾಡುವಾಗ ಬೇರೆ ಏನೂ ಕೇಳಬಾರದು. ಅಂಥದ್ದು ಕೊಡು" ಎಂದ.

ಎರಡು ಪೆಟ್ಟಿಗೆಗಳನ್ನು ತನ್ನ ಕಡೆಗೆ ಮುಖ ಮಾಡಿ ನಡುವಿನ ಹಲಗೆಗೆ ಬಿಗಿದ. ಖಾಲಿ ಜಾಗ ತುಂಬಿತು. ಮೌನವೂ ಹೋಯಿತು.

"ಇನ್ನು ಮೇಲೆ ನೀನು ಕೂಗಬೇಡ. ಕೈ ಎತ್ತಿದರೆ ಸಾಕು, ನಾನು ನೋಡ್ತೇನೆ" ಎಂದು ಅವನು ಹೇಳಿದ. ದಿಬ್ಬ ಎಡಕ್ಕಿದ್ದರೆ ಅವಳು ಎಡಗೈ ಎತ್ತುತ್ತಿದ್ದಳು, ಬಲಕ್ಕಿದ್ದರೆ ಬಲಗೈ. ಮೂರು ತಿಂಗಳು ಹಾಗೇ ನಡೆಯಿತು.

ಒಂದು ಮಧ್ಯಾಹ್ನ ಗಾಳಿ ತಟ್ಟನೆ ದಿಕ್ಕು ಬದಲಿಸಿತು. ಹಾಯಿ ಉಬ್ಬಿ ಇಬ್ಬರ ನಡುವೆ ಬಂದು ನಿಂತಿತು. ಅದರ ಆಚೆ ಮಾದೇವಿ ಎಡಗೈ ಎತ್ತಿದಳು. ಅವನಿಗೆ ಕಾಣಲಿಲ್ಲ. ಕೂಗಿದಳು. ಅವನಿಗೆ ಕೇಳಲಿಲ್ಲ. ದೋಣಿ ಧಡ್ಡನೆ ದಿಬ್ಬಕ್ಕೆ ಹೊಡೆದು ವಾಲಿತು. ಪೆಟ್ಟಿಗೆಗಳಿಗೆ ನೀರು ನುಗ್ಗಿ ಹಾಡು ನಿಂತಿತು. ಹಾಯಿ ಸರಿದಾಗ ಮುಂದೆ ಮಾದೇವಿ ಇರಲಿಲ್ಲ.

"ಮಾದೇವೀ!" ಎಂದು ಚೀರಿ ಜಟ್ಟಪ್ಪ ನೀರಿಗೆ ಹಾರಿದ. ಹಾರಿದವನ ಕಾಲು ಮರಳಿಗೆ ತಾಗಿತು.

ಮಾದೇವಿ ಗಳ ಹಿಡಿದು ಎದ್ದು ನಿಂತಿದ್ದಳು. "ಎಂತಕ್ಕೆ ಕೂಗ್ತೀರಿ? ನೀರು ಸೊಂಟಕ್ಕೂ ಬರುವುದಿಲ್ಲ" ಎಂದಳು.

ನೀರು ಏರಿ ದೋಣಿ ತೇಲುವವರೆಗೆ ಕಾಯಬೇಕಿತ್ತು. ಇಬ್ಬರೂ ದೋಣಿಯ ಅಂಚು ಹಿಡಿದು ನಿಂತರು. ಜಟ್ಟಪ್ಪ ಹೆದರಿಕೊಂಡಿದ್ದ ಮೌನ ಸುತ್ತಲೂ ಇತ್ತು.

"ಒಂದು ಸಲ ಕೂಗಬಾರದಿತ್ತಾ?" ಎಂದ.

"ಆರು ಸಲ ಕೂಗಿದೆ." ಗಳವನ್ನು ದೋಣಿಗೆ ಒರಗಿಸಿ ಅವಳೇ ಹೇಳಿದಳು: "ಇವತ್ತು ಮಾತ್ರ ಅಲ್ಲ. ಈ ಪೆಟ್ಟಿಗೆ ಬಂದಾಗಿನಿಂದ ದಿನಾ ಮಾತಾಡ್ತಿದ್ದೆ."

"ಯಾರ ಹತ್ತಿರ?"

"ಮತ್ತೆ ಯಾರ ಹತ್ತಿರ? ನಿಮ್ಮ ಹತ್ತಿರವೇ. ಮನೆಯಲ್ಲಿ ನಿಮ್ಮ ಮುಖ ನೋಡಿಕೊಂಡು ಮಗಳ ಹೆಸರು ಎತ್ತಲಿಕ್ಕೆ ನನಗೆ ಆಗುವುದಿಲ್ಲ. ಇಲ್ಲಿ ಬೆನ್ನು ಹಾಕಿ ಕೂತಾಗ ಆಗ್ತದೆ. ನೀವು ಒಂದಕ್ಕೂ ಉತ್ತರ ಕೊಡಲಿಲ್ಲ. ನನ್ನ ಮಾತು ನನಗೆ ಕೇಳ್ತಿತ್ತು, ನಿಮಗೂ ಕೇಳ್ತದೆ, ಆದರೆ ಕೇಳಲಿಕ್ಕೆ ಕಷ್ಟ ಅಂದುಕೊಂಡೆ."

ಜಟ್ಟಪ್ಪ ಅವಳ ಕಡೆ ತಿರುಗಿದ. "ಏನು ಹೇಳಿದ್ದೆ?"

"ಕುಸುಮಳ ಕೆಂಪು ರಿಬ್ಬನ್ನು. ಈರುಳ್ಳಿ ಹೆಣೆಯುವಾಗ ಕೈಗೆ ಸಿಕ್ಕಿದ ಅದನ್ನು ಬಾಳೆನಾರು ಅಂದುಕೊಂಡು ಜಡೆಯ ತುದಿಗೆ ಕಟ್ಟಿಬಿಟ್ಟಿದ್ದೆ. ಸಂತೆಗೆ ಹೋಗಿಬಿಟ್ಟಿತು. ಯಾರ ಮನೆಯ ಅಟ್ಟದಲ್ಲಿ ತೂಗ್ತಿದೆಯೋ. ಇದೇ ನೀರಿನ ಮೇಲೆ ಎರಡು ದಿನ ಅತ್ತೆ, ನಿಮಗೆ ಹೇಳಿಕೊಂಡು."

ಜಟ್ಟಪ್ಪ ಸೊಂಟದ ಎಲೆಸಂಚಿ ಬಿಚ್ಚಿದ. ಒದ್ದೆಯಾದ ಎಲೆ, ಅಡಿಕೆ ಎಲ್ಲ ಸರಿಸಿ, ಅಡಿಯಿಂದ ಒಂದು ಕೆಂಪು ರಿಬ್ಬನ್ನು ತೆಗೆದ.

"ಸಂತೆಯಲ್ಲಿ ಈರುಳ್ಳಿ ಜಡೆ ಇಳಿಸುವಾಗ ಕಂಡೆ. ಬಿಚ್ಚಿ ಇಟ್ಟುಕೊಂಡೆ. ನಿನಗೆ ತೋರಿಸಿದರೆ ಅಳ್ತೀಯೇನೋ ಅಂತ..."

"ಇದು ಕಳೆದುಹೋಯಿತು ಅಂತಲೇ ಅತ್ತೆನಲ್ಲ!" ಎಂದು ಮಾದೇವಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಅತ್ತರು. ಕುಸುಮಳ ಹೆಸರನ್ನು ಎಷ್ಟೋ ಸಲ ಹೇಳಿದರು. ನೀರು ಯಾವಾಗ ಏರಿತೋ ತಿಳಿಯಲಿಲ್ಲ. ದೋಣಿ ತಾನಾಗಿ ತೇಲಿ ಅವರ ಮೊಣಕೈ ತಟ್ಟಿತು.

ಮರುದಿನ ಇಬ್ಬರೂ ಒದ್ದೆ ಪೆಟ್ಟಿಗೆಗಳನ್ನು ಹೊತ್ತು ಪೆದ್ರುವಿನ ಅಂಗಡಿಗೆ ಹೋದರು.

"ಉಪ್ಪುನೀರು ಕುಡಿಸಿ ತಂದಿರಾ? ಇದಕ್ಕೆ ಇನ್ನು ಮದ್ದಿಲ್ಲ" ಎಂದ ಪೆದ್ರು.

"ಬೇರೆಯದು ಬೇಕು" ಎಂದು ಜಟ್ಟಪ್ಪ ಅಂಗಡಿಯ ಒಳಮೂಲೆಗೆ ಹೋಗಿ ನಿಂತ. ಮಾದೇವಿ ಹೊರಗೆ ಹದಿನೆಂಟು ಅಡಿ ದೂರದಲ್ಲಿ ಅವನಿಗೆ ಬೆನ್ನು ಹಾಕಿ ನಿಂತಳು. "ಒಂದೊಂದೇ ಸೆಟ್ಟು ಹಾಕು. ಅವಳು ಮಾತಾಡ್ತಾಳೆ. ಯಾವುದು ಹಾಡುವಾಗ ಅವಳ ಮಾತು ನನಗೆ ಕೇಳ್ತದೋ ಅದು ನಮಗೆ."

ಪೆದ್ರು ಬಾಯಿ ಬಿಟ್ಟ. "ಊರವರೆಲ್ಲ ಹಾಡು ಕೇಳಿ ಸೆಟ್ಟು ಆರಿಸ್ತಾರೆ. ನೀನೊಬ್ಬ ಹೆಂಡತಿಯನ್ನು ಕೇಳಿ ಆರಿಸ್ತೀಯಲ್ಲ! ದೊಡ್ಡ ಪೆಟ್ಟಿಗೆ ಒಯ್ಯುವವರೆಲ್ಲ ಇದೇ ಮಾತಿನಿಂದ ತಪ್ಪಿಸಿಕೊಳ್ಳಲಿಕ್ಕೆ ಒಯ್ಯುವುದು."

ಮೊದಲನೆಯದು ಹಾಡಿತು. ಜಟ್ಟಪ್ಪ ತಲೆ ಅಲ್ಲಾಡಿಸಿದ. ಎರಡನೆಯದಕ್ಕೂ ಬೇಡವೆಂದ. ಮೂರನೆಯದು ಒಂಟಿ ಪೆಟ್ಟಿಗೆಯದು, ಪೆದ್ರು ಅಂದೇ ತೋರಿಸಿದ್ದು. ಅದು ಹಾಡುತ್ತಿರುವಾಗ ಹೊರಗಿನಿಂದ ಮಾದೇವಿಯ ದನಿ ಮೆಲ್ಲಗೆ, ಸ್ಪಷ್ಟವಾಗಿ ಬಂತು: "ಕೇಳ್ತದಾ?"

"ಕೇಳ್ತದೆ" ಎಂದ ಜಟ್ಟಪ್ಪ.

ಆ ಚಿಕ್ಕ ಪೆಟ್ಟಿಗೆಯನ್ನು ಹಾಯಿಕಂಬಕ್ಕೆ ಕೆಂಪು ರಿಬ್ಬನ್ನಿನಿಂದಲೇ ಕಟ್ಟಿದರು. ನಡುವಿನ ಹಲಗೆಯ ಮೇಲೆ ಏನನ್ನೂ ಇಡಲಿಲ್ಲ. ಅದು ಖಾಲಿಯೇ ಇತ್ತು. ಅದರ ಮೇಲಿನಿಂದ ಮಾತು ಆಚೆ ಈಚೆ ಹೋಗಿ ಬರುತ್ತಿತ್ತು.

ನೀತಿ: ನಮ್ಮ ದುಃಖ ಕೇಳಿಸಬಾರದೆಂದು ನಾವು ಎಬ್ಬಿಸುವ ಸದ್ದಿನಲ್ಲಿ, ಅದೇ ದುಃಖ ಹೊತ್ತು ಜೊತೆಗಿರುವವರ ದನಿಯೂ ಮುಳುಗುತ್ತದೆ. ಹೋದವರ ಜಾಗ ಖಾಲಿ ಇರಲಿ, ಇರುವವರ ಮಾತು ಕೇಳಲಿ.