ಹೊಸ್ತಿಲಹಾಳ ಕ್ಷೇತ್ರದ ಹುರಿ ಬಿಚ್ಚುವ ಕಲ್ಲಿನ ವೃತ್ತಾಂತ

ಯಾವ ಕೈ ಒಂದು ಪ್ರಾಣಿಯ ಕೊರಳಿಗೆ ಹಗ್ಗ ಹಾಕಿತೋ ಅದೇ ಕೈ ಆ ಹಗ್ಗವನ್ನು ಬಿಚ್ಚತಕ್ಕದ್ದು; ಬಿಚ್ಚದೆ ಊರ ಎಲ್ಲೆಯನ್ನು ದಾಟತಕ್ಕದ್ದಲ್ಲ. ನಿಯಮ ಇಷ್ಟೇ. ಇದಕ್ಕೆ ವಿನಾಯಿತಿ ಇಲ್ಲ, ಮುರಿದವರಿಗೆ ಪ್ರಾಯಶ್ಚಿತ್ತವನ್ನೂ ಹೇಳಿಲ್ಲ. ಈ ಸ್ಥಳದಲ್ಲಿ ಬಾಳಿದ ಸಮಸ್ತರೂ ಇದನ್ನು ಒಂದೇ ದಿನ ಮುರಿದರು. ಪಾದರಕ್ಷೆ ಕಳಚಿ ಒಳಗೆ ಬರುವ ಭಕ್ತರು ಈ ಸಂಗತಿಯನ್ನು ಮೊದಲು ತಿಳಿದುಕೊಂಡು ಬರುವುದು ಯೋಗ್ಯ.

ಪೂರ್ವದಲ್ಲಿ, ಇಂದಿನ ರಾಜ್ಯಗಳ ಹೆಸರುಗಳು ಯಾರ ನಾಲಗೆಯ ಮೇಲೂ ಇಲ್ಲದಿದ್ದ ಕಾಲದಲ್ಲಿ, ಹಿರೇಹಳ್ಳದ ದಕ್ಷಿಣತೀರದ ಈ ಕೆಮ್ಮಣ್ಣಿನ ದಿಣ್ಣೆಯ ಮೇಲೆ ಶೀರ್ಣಪಾದನೆಂಬ ಮುನಿಯು ತಪೋನಿರತನಾಗಿದ್ದನು. ದೇಶಸಂಚಾರದಲ್ಲಿ ಆತನು ಕಾಡ್ಗಿಚ್ಚಿಗೆ ಸಿಕ್ಕಿದ ಹಳ್ಳಿಯೊಂದನ್ನು ಹಾದು ಬಂದಿದ್ದನು. ಅಲ್ಲಿ ಜನರೆಲ್ಲ ತಪ್ಪಿಸಿಕೊಂಡಿದ್ದರು, ಗೂಟಕ್ಕೆ ಬಿಗಿದಿದ್ದ ಕರುವೊಂದು ಮಾತ್ರ ಕಟ್ಟಿದಲ್ಲಿಯೇ ಭಸ್ಮವಾಗಿತ್ತು. ಆ ದೃಶ್ಯವು ಯಾವ ಧ್ಯಾನದಿಂದಲೂ ಕರಗದೆ ಉಳಿದುದರಿಂದ, ಕುರಿಹಿಂಡುಗಳನ್ನೂ ನಾಯಿಗಳನ್ನೂ ಹೊಡೆದುಕೊಂಡು ಬಂದು ಇಲ್ಲಿ ನೆಲೆಸಲು ಅಪ್ಪಣೆ ಬೇಡಿದ ಕುರಿಗಾಹಿಗಳಿಗೆ ಆತನು ಮೇಲಿನ ಒಂದೇ ನಿಯಮವನ್ನು ವಿಧಿಸಿ, ಅದರ ಸಾಕ್ಷಿಗಾಗಿ ಊರ ಎಲ್ಲೆಯಲ್ಲಿ ಗಡಿಯವ್ವನನ್ನು ಪ್ರತಿಷ್ಠಾಪಿಸಿ, ಉತ್ತರದಿಕ್ಕಿಗೆ ಹೊರಟುಹೋದನು. ಊರಿಗೆ ಸೋಮನಾಳವೆಂದು ಹೆಸರಾಯಿತು.

ಸೋಮನಾಳದವರು ನಾಯಿಗಳನ್ನು ಪ್ರೀತಿಸಲಿಲ್ಲವೆಂದು ಯಾರೂ ತಿಳಿಯಬಾರದು. ಮನೆಗೆ ತಂದ ಮರಿಯನ್ನು ಮೊಟ್ಟಮೊದಲು ಹೊಸ್ತಿಲಿನ ಮೇಲೆ ಮಲಗಿಸಿ, ಅಲ್ಲಿಯೇ ಹಾಲೆರೆದು ಹೆಸರಿಡುವುದು ಅವರ ಪದ್ಧತಿ. ಅಂದಿನಿಂದ ಆ ಹೊಸ್ತಿಲು ಆ ನಾಯಿಯದು. ಬೆಳಗ್ಗೆ ಹೊಸ್ತಿಲು ತೊಳೆಯುವ ಗೃಹಿಣಿಯು ಮಲಗಿದ ನಾಯಿಯನ್ನು ಕಾಲಿನಿಂದ ಸರಿಸುತ್ತಿರಲಿಲ್ಲ. ಹೆಸರು ಹಿಡಿದು ಕರೆದು, ಅದು ಏಳುವವರೆಗೆ ತಂಬಿಗೆ ಹಿಡಿದು ಕಾಯುತ್ತಿದ್ದಳು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಗಿಂತ ಮುಂಚೆ ನಾಯಿಯ ಕಿವಿಯಲ್ಲಿ ಆ ಸುದ್ದಿಯನ್ನು ಹೇಳುತ್ತಿದ್ದರು. ಇಷ್ಟು ಪ್ರೀತಿಯಿದ್ದವರೇ ಮುಂದೆ ಹೇಳುವ ಕೆಲಸವನ್ನು ಮಾಡಿದರು.

ಕಾಲಾಂತರದಲ್ಲಿ ಸೋತು ಹಿಮ್ಮೆಟ್ಟುತ್ತಿದ್ದ ಯಾವುದೋ ರಾಜನ ದಂಡು ದಾರಿಯ ಊರುಗಳನ್ನು ಸುಡುತ್ತ ಹಿರೇಹಳ್ಳದ ಕಡೆಗೆ ಬರುತ್ತಿದೆಯೆಂಬ ವಾರ್ತೆ ಮುಟ್ಟಿತು. ಊರಿನ ಹಿರಿಯನಾದ ಲಕ್ಕಗೌಡನು ಎಲ್ಲರನ್ನೂ ಗಡಿಯವ್ವನ ಮುಂದೆ ಕೂಡಿಸಿದನು. ಕುರಿಗಳನ್ನು ಬಯಲಿಗೆ ಬಿಟ್ಟು, ಬಾವಲಿಗುಡ್ಡದ ಗವಿಯಲ್ಲಿ ಅಡಗುವುದೆಂದು ತೀರ್ಮಾನವಾಯಿತು. ಉಳಿದದ್ದು ನಾಯಿಗಳ ಪ್ರಶ್ನೆ.

“ಗವಿಗೆ ನಾಯಿ ಕರಕೊಂಡು ಹೋಗೂದಂದ್ರ ನಾವ ಡಂಗುರ ಹೊಡದು ದಂಡು ಕರದಂಗ,” ಎಂದನು ಗೌಡ. “ಬಿಟ್ಟು ಹೋದ್ರ ಬೆನ್ನ ಹತ್ತಿ ಬರತಾವ. ಕೊಲ್ಲಾಕ ಯಾರಿಗೂ ಮನಸಿಲ್ಲ. ಕಟ್ಟಿ ಹೋಗೂಣು. ಇಲ್ಲೇ ಬೊಗಳಲಿ. ಊರಾಗ ಮಂದಿ ಅದಾರ ಅಂತ ದಂಡು ಇಲ್ಲೇ ಹುಡುಕಿ, ಬ್ಯಾಸತ್ತು ಹೋಗತದ.”

“ಮತ್ತ ನಿಯಮ?” ಎಂದು ಹಿಂದಿನಿಂದ ಯಾರೋ ಕೇಳಿದರು.

ಗಡಿಯವ್ವನ ಪೂಜಾರಿಯಾದ ಚೌಡಯ್ಯನು ಆ ಪ್ರಶ್ನೆಗಾಗಿಯೇ ಕಾದು ಕುಳಿತವನಂತೆ ಉತ್ತರಿಸಿದನು. “ನಿಯಮ ಏನ ಹೇಳತದ? ಕಟ್ಟಿದ ಕೈ ಬಿಚ್ಚಬೇಕು. ನಮ್ಮ ಕೈ ಕಟ್ಟಲಿಲ್ಲಂದ್ರ ಆ ಮಾತು ನಮಗ ಹತ್ತೂದಿಲ್ಲ.”

ಸಭೆಯು ನಿಟ್ಟುಸಿರುಬಿಟ್ಟಿತು. ಆ ನಿಟ್ಟುಸಿರಿನಲ್ಲಿಯೇ ನಿಯಮವು ಮುರಿದುಹೋಯಿತು. ಹಗ್ಗ ಬಿಗಿದದ್ದು ಆಮೇಲಿನ ಮಾತು.

ಎಲ್ಲರ ಕಣ್ಣುಗಳೂ ಹೊನ್ನವ್ವನ ಮೇಲೆ ಬಿದ್ದವು. ಈಕೆ ವಿಧವೆ, ಮಕ್ಕಳಿಲ್ಲದವಳು, ಪುಂಡಿನಾರಿನ ಹಗ್ಗ ಹೊಸೆದು ಬದುಕುತ್ತಿದ್ದವಳು. ಕಣ್ಣಿಗೆ ಪೊರೆ ಬಂದಿದ್ದ ಕೆಂಚಿ ಎಂಬ ಮುದಿ ನಾಯಿಯೊಂದೇ ಅವಳ ಸಂಸಾರ.

“ಹಗ್ಗ ಹೊಸಿಯಾಕಿ ಆಕಿ. ಗಂಟು ಹಾಕೂದು ಆಕಿಗೇನು ಹೊಸಾದು?” ಎಂದು ಒಬ್ಬನು ನಗೆಯಾಡಿದನು.

“ನಮ್ಮ ಕೈ ನಡುಗತಾವ ಯಕ್ಕಾ,” ಎಂದಳೊಬ್ಬಳು. “ನಿನ್ನ ಕೈ ಅಂದ್ರ ಅವಕ್ಕೂ ಅಂಜಿಕಿ ಇಲ್ಲ.”

ಹೊನ್ನವ್ವನು ಒಂದೇ ಮಾತು ಕೇಳಿದಳು. “ಬಿಚ್ಚೂದು ಯಾವಾಗ?”

“ನಾಳೆ ಹೊತ್ತು ಮುಳುಗೂದ್ರೊಳಗ ನಿನ್ನ ಕೆಳಗ ಕಳಸತೀನಿ. ನೀನ ಬಂದು ಬಿಚ್ಚು. ಗಡಿಯವ್ವನ ಆಣಿ,” ಎಂದು ಗೌಡನು ದೇವಿಯ ಕಲ್ಲನ್ನು ಮುಟ್ಟಿದನು.

ಆ ಆಣೆಯನ್ನು ನಂಬಿ ಅವಳು ಕಟ್ಟಿದಳು. ಊರ ನಡುವಿನ ಬಂಡೆಯ ಸುತ್ತ ಗೂಟಗಳನ್ನು ಜಡಿದು, ತಾನೇ ಹೊಸೆದ ಹಗ್ಗಗಳಿಂದ ಒಂದೊಂದೇ ನಾಯಿಯನ್ನು ಬಿಗಿದಳು. ಯಾವ ನಾಯಿಯೂ ಎಳೆದಾಡಲಿಲ್ಲ. ಪರಿಚಿತ ಕೈಯೆಂದು ಕೊರಳನ್ನು ತಾವೇ ನೀಡಿದವು. ಮನೆಮನೆಯಿಂದ ನುಚ್ಚು, ಮಜ್ಜಿಗೆ, ಬೆಲ್ಲದ ಚೂರು ಬಂದವು. ಹಬ್ಬದಲ್ಲಿಯೂ ಅಷ್ಟನ್ನು ಕಾಣದ ನಾಯಿಗಳು ಬಾಲ ಅಲ್ಲಾಡಿಸುತ್ತ ತಿಂದವು.

“ನಮ್ಮ ಬೈರಗ ಸಡಿಲ ಕಟ್ಟು ಯಕ್ಕಾ, ಅದಕ ಕೊರಳಾಗ ಗಾಯ ಐತಿ,” ಎಂದು ಗೌಡನ ಸೊಸೆ ಕಣ್ಣೊರೆಸಿಕೊಂಡಳು.

“ಸಡಿಲ ಕಟ್ಟಿದ್ರ ಕಿತ್ತುಕೊಂಡು ನಿನ್ನ ಹಿಂದ ಬರತದ ತಂಗಿ. ಬರಲೇನು?”

ಆಕೆ ಮುಖ ತಿರುಗಿಸಿಕೊಂಡು ನಡೆದಳು. ಊರಿನವರ ನಾಯಿಗಳನ್ನು ಕಟ್ಟಿ ತನ್ನದನ್ನು ಬಿಡುವುದು ಅನ್ಯಾಯವೆಂದು ಬಗೆದು ಹೊನ್ನವ್ವನು ಕೊನೆಗೆ ಕೆಂಚಿಯನ್ನೂ ಕಟ್ಟಿದಳು.

ಹೊನ್ನವ್ವನೂ ಸೇರಿ ಊರೆಲ್ಲ ಗವಿಯನ್ನು ಹೊಕ್ಕಿತು. ದಂಡು ಬರಲೂ ಇಲ್ಲ, ಹೋಗಲೂ ಇಲ್ಲ. ಅದು ಹಳ್ಳವನ್ನು ದಾಟುವ ಮೇಲಿನ ಕಡವಿನಲ್ಲಿ ಡೇರೆ ಹಾಕಿತು. ಗೌಡನು ಹೇಳಿದ ಸಂಜೆ ಬಂದುಹೋಯಿತು. ಮರುದಿನದ ಸಂಜೆಯೂ ಹೋಯಿತು. ಗವಿಯ ಬಾಯಿಗೆ ನಾಯಿಗಳ ಕೂಗು ಗಾಳಿಯೊಡನೆ ಏರಿ ಬರುತ್ತಿತ್ತು. “ಇದು ಗೌಡರ ಬೈರನ ದನಿ,” ಎಂದು ಮೊದಲ ದಿನ ಒಬ್ಬರು ಗುರುತಿಸಿದರು. ಕೆಲವರು ನಕ್ಕರು ಕೂಡ. ಆಮೇಲೆ ಯಾರೂ ಯಾವ ಹೆಸರನ್ನೂ ಎತ್ತಲಿಲ್ಲ. ತನ್ನ ಮನೆಯ ನಾಯಿಯ ದನಿ ಯಾವುದೆಂದು ಪ್ರತಿಯೊಬ್ಬನಿಗೂ ಗೊತ್ತಿತ್ತು. ಅದು ನಿಂತದ್ದು ಯಾವಾಗೆಂಬುದೂ ಗೊತ್ತಾಗುತ್ತಿತ್ತು. ತಾಯಂದಿರು ಮಕ್ಕಳ ಕಿವಿ ಮುಚ್ಚಿದರು.

ಅದರ ಮರುದಿನ ಬಿಸಿಲು ನೆತ್ತಿಗೇರಿದಾಗ ಹೊನ್ನವ್ವನು ಎದ್ದು ನಿಂತಳು. ಗೌಡನು ಅಡ್ಡ ಬಂದನು.

“ಎಲ್ಲಿಗೆ?”

“ಬಿಚ್ಚಾಕ.”

“ನೀ ಇಳಿಯೂದು ಅವರ ಕಣ್ಣಿಗೆ ಬಿದ್ರ ಇಡೀ ಊರು ಸಾಯತದ. ನಾಯಿಗೋಸ್ಕರ ಊರ ಕೊಲ್ಲತೀಯೇನು?”

“ಆಣಿ ಇಟ್ಟಿದ್ರಿ.”

“ಆಣಿ ಇಟ್ಟಾಗ ದಂಡು ಹಾದು ಹೋಗತದ ಅಂತ ತಿಳಿದಿದ್ದಿವಿ.”

“ಸುಮ್ನ ಕೂಡ್ರು ಹೊನ್ನವ್ವ,” ಎಂದನು ಚೌಡಯ್ಯ. “ಹೋಗದಿದ್ರ ನಾಯಿ ಪಾಪ ನಿನಗ, ಹೋದ್ರ ಊರಿನ ಪಾಪ ನಿನಗ. ಎರಡೂ ನಿನಗ ಹತ್ತೂದ ಖರೇ ಅಂದಮ್ಯಾಲೆ ಕಾಲಾದ್ರೂ ಯಾಕ ನೋಯಿಸತಿ?”

“ನಾಯಿ ನಿಮ್ಮವು ಸ್ವಾಮಿ,” ಎಂದಳು ಅವಳು. “ಗಂಟು ನನ್ನವು.”

ಯಾರೂ ಅವಳನ್ನು ಮುಟ್ಟಿ ತಡೆಯಲಿಲ್ಲ. ತಡೆದರೆ ಆ ಪಾಪದಲ್ಲಿ ತಮ್ಮ ಕೈಯೂ ಸೇರೀತೆಂದು ಅಂಜಿದರು. ಅವಳು ದಂಡಿಗೆ ಮರೆಯಾಗಿದ್ದ ಕೊರಕಲಿನಲ್ಲಿ, ಕುಳಿತು ಜಾರುತ್ತ ಇಳಿದಳು.

ಕೆಳಗೆ ಅವಳು ಕಂಡದ್ದನ್ನು ವಿಸ್ತರಿಸುವುದು ಅನಗತ್ಯ. ನಾಯಿಗಳ ಮುಂದೆ ಇಟ್ಟುಹೋಗಿದ್ದ ನೀರಿನ ಗಡಿಗೆಗಳು ಹಗ್ಗಗಳ ಜಗ್ಗಾಟಕ್ಕೆ ಮೊದಲ ದಿನವೇ ಉರುಳಿದ್ದವು. ಅವಳು ಸತ್ತವುಗಳ ಕೊರಳಿನ ಗಂಟನ್ನೂ ಬಿಚ್ಚಿದಳು, ಬದುಕಿದ್ದವುಗಳ ಗಂಟನ್ನೂ ಬಿಚ್ಚಿದಳು. ಕೊಡದಲ್ಲಿ ಹಳ್ಳದ ನೀರು ತಂದು ಬೊಗಸೆಯಿಂದ ಕುಡಿಸಿದಳು. ಬಿಟ್ಟರೆ ಬೆನ್ನು ಹತ್ತಿ ಬರುತ್ತವೆಂದು ಊರೆಲ್ಲ ಹೆದರಿತ್ತಷ್ಟೆ. ಒಂದು ನಾಯಿಯೂ ಗುಡ್ಡದ ಕಡೆಗೆ ತಿರುಗಲಿಲ್ಲ. ತೂರಾಡುತ್ತ, ತೆವಳುತ್ತ, ತಂತಮ್ಮ ಮನೆಗಳಿಗೆ ಹೋಗಿ, ಮುಚ್ಚಿದ ಬಾಗಿಲುಗಳ ಮುಂದೆ, ಎಂದೋ ಹಾಲು ಕುಡಿದು ಹೆಸರು ಪಡೆದ ಹೊಸ್ತಿಲುಗಳ ಮೇಲೆ, ಬೀದಿಗೆ ಮುಖಮಾಡಿ ಮಲಗಿದವು. ಅವು ಕಲಿತದ್ದು ಅದೊಂದೇ ಕೆಲಸ.

ಸಂಜೆಗೆ ಸವಾರರು ಬಂದರು. ನಾಯಕನು ಹೊನ್ನವ್ವನನ್ನು ಕೇಳಿದನು, “ಊರ ಮಂದಿ ಎಲ್ಲಿ?”

“ಊರು ಕಾಯೋರು ಅದಾರಲ್ಲ, ಅವರನ್ನ ಕೇಳ್ರಿ.”

ಹುಚ್ಚಿಯೆಂದು ಅವಳನ್ನು ಪಕ್ಕಕ್ಕೆ ತಳ್ಳಿ ಅವರು ಮನೆಗಳತ್ತ ನಡೆದರು. ನಿಲ್ಲಲು ತ್ರಾಣವಿಲ್ಲದ ನಾಯಿಗಳು ಎದ್ದು ನಿಂತವು. ಭರ್ಜಿಗೆ ಸಿಕ್ಕಿ ಒಂದೊಂದೂ ತನ್ನ ಹೊಸ್ತಿಲಿನ ಮೇಲೆಯೇ ಬಿದ್ದಿತು. ಕೆಂಚಿಯು ಕಣ್ಣು ಕಾಣದಿದ್ದರೂ ಸವಾರನ ಕಾಲಿಗೆ ಸರಿಯಾಗಿ ಬಾಯಿ ಹಾಕಿ ಸತ್ತಿತು. ಆ ಬಳಿಕ ಒಳಗೆ ಕಾಲಿಡಲು ಸವಾರರಿಗೆ ಮನಸ್ಸಾಗಲಿಲ್ಲ. ನಾಯಕನು ಕೈಲಿದ್ದ ಪಂಜನ್ನು ಹಳ್ಳಕ್ಕೆಸೆದು ಕುದುರೆಯನ್ನು ತಿರುಗಿಸಿದನು. ಸೋಮನಾಳವು ಸುಡದೆ ಉಳಿಯಿತು.

ದಂಡು ದೂರವಾದ ಮೇಲೆ ಇಳಿದುಬಂದ ಜನರು ಮನೆಗಳು ಇದ್ದಂತೆಯೇ ಇರುವುದನ್ನು ಕಂಡು ಕೈಮುಗಿದರು. ನಾಯಿಗಳ ಕಳೇಬರಗಳನ್ನು ಸರಿಸಿ, ಬಾಗಿಲು ತೆರೆದು, ಒಳಗೆ ಕಾಲಿಡಲು ಹೋದರು. ಕಾಲು ಏಳಲಿಲ್ಲ. ಗೌಡನ ಕಾಲು ಏಳಲಿಲ್ಲ, ಸೊಸೆಯ ಕಾಲು ಏಳಲಿಲ್ಲ, ಪೂಜಾರಿಯ ಕಾಲೂ ಏಳಲಿಲ್ಲ. ಬೀದಿಯಲ್ಲಿ ಸರಾಗವಾಗಿ ನಡೆದಾಡುತ್ತಿದ್ದ ಪಾದಗಳು ಸ್ವಂತ ಹೊಸ್ತಿಲಿನ ಮುಂದೆ ನೆಲಕ್ಕೆ ನೆಟ್ಟಂತಾದವು. ಚೌಡಯ್ಯನು ಗಡಿಯವ್ವನ ಮುಂದೆ ಅಡ್ಡಬಿದ್ದು, “ಕಟ್ಟಿದ್ದು ನಮ್ಮ ಕೈಯಲ್ಲ ತಾಯಿ,” ಎಂದು ಮೊರೆಯಿಡಲು, ಎಲ್ಲೆಯ ಕಲ್ಲಿನಿಂದ ಈ ವಾಣಿಯು ಹೊರಟಿತು:

“ಒಬ್ಬಳ ಕೈಯನ್ನು ಮುಂದೆ ಮಾಡಿ ನಿಮ್ಮ ಕೈಗಳನ್ನು ಬಚ್ಚಿಟ್ಟವರೇ, ಅವೆಲ್ಲವನ್ನೂ ನಾನು ಬಲ್ಲೆನು. ಹೊಸ್ತಿಲು ಕಾದವರದು, ಬಿಟ್ಟುಹೋದವರಿಗೆ ಅದನ್ನು ದಾಟುವ ಅಧಿಕಾರವಿಲ್ಲ. ಗೋಡೆ ಬೀಳುವುದು, ಮಾಳಿಗೆ ಬೀಳುವುದು, ಹೊಸ್ತಿಲು ಉಳಿಯುವುದು. ನನ್ನ ಎಲ್ಲೆಯೊಳಗೆ ಇನ್ನು ಯಾರೂ ಏನನ್ನೂ ಕಟ್ಟತಕ್ಕದ್ದಲ್ಲ.”

ಅದರಂತೆಯೇ ಆಯಿತು. ಇಂದು ಭಕ್ತರು ಇಲ್ಲಿ ಕಾಣುವ ಕಲ್ಲಿನ ಹೊಸ್ತಿಲುಗಳ ಸಾಲು ಅದೇ; ಹೊಸ್ತಿಲಹಾಳವೆಂಬ ಈಗಿನ ಹೆಸರು ಬಂದದ್ದೂ ಅದರಿಂದಲೇ. ಗೋಡೆಯಿಲ್ಲ, ಬಾಗಿಲಿಲ್ಲ, ಬಯಲಿನ ನಡುವೆ ಹೊಸ್ತಿಲುಗಳು ಮಾತ್ರ. ಅವುಗಳ ಬದಿಯಲ್ಲಿ ನಡೆಯಬೇಕೇ ಹೊರತು ಮೇಲೆ ದಾಟಬಾರದು. ಈ ಕ್ಷೇತ್ರದಲ್ಲಿ ಮದುವೆ ನಡೆಯುವುದಿಲ್ಲ, ಕಂಕಣ ಕಟ್ಟುವುದಿಲ್ಲ, ತೋರಣ ಕಟ್ಟುವುದಿಲ್ಲ, ಹರಕೆಯ ತೊಟ್ಟಿಲು ಕಟ್ಟುವುದಿಲ್ಲ. ಇತ್ತೀಚೆಗೆ ಕೆಲವರು ಹೊರಗಿನ ಬೇವಿನ ಮರಕ್ಕೆ ಕೆಂಪು ದಾರ ಸುತ್ತಿ ಹೋಗುತ್ತಿದ್ದಾರೆ. ಅದು ಭಕ್ತಿಯಲ್ಲ, ಈ ವೃತ್ತಾಂತವನ್ನು ಓದದಿರುವಿಕೆ. ನೈವೇದ್ಯವನ್ನು ಮೊದಲು ಹೊಸ್ತಿಲುಗಳ ಮೇಲಿಟ್ಟು, ನಾಯಿಗಳು ತಿಂದು ಮಿಕ್ಕದ್ದನ್ನು ಮನುಷ್ಯರು ತೆಗೆದುಕೊಳ್ಳತಕ್ಕದ್ದು. ಪ್ರದಕ್ಷಿಣೆಯು ನಡುವಿನ ಬಂಡೆಯ ಬಳಿ ಮುಗಿಯುತ್ತದೆ. ಅಲ್ಲಿ ಪ್ರತಿಯೊಬ್ಬರೂ ಮನೆಯಿಂದ ತಂದ ಒಂದು ಮೊಳ ಹಗ್ಗವನ್ನು ಕೈಯಾರೆ ಹುರಿ ಬಿಚ್ಚಿ ನಾರು ಮಾಡಿ ಬಿಟ್ಟುಹೋಗುವ ಆಚಾರವಿದೆ. ಅದರ ಕಾರಣವನ್ನು ಹೇಳಿ ಮುಗಿಸುತ್ತೇನೆ.

ಸೋಮನಾಳದವರು ಹಳ್ಳದ ಆಚೆ ದಡದಲ್ಲಿ ಹೊಸ ಊರು ಕಟ್ಟಿಕೊಂಡರು. ಹೊನ್ನವ್ವನು ಹೋಗಲಿಲ್ಲ. ನಾಯಿಗಳನ್ನೆಲ್ಲ ಒಬ್ಬಳೇ ಮಣ್ಣು ಮಾಡಿ, ಆ ಬಂಡೆಯ ನೆರಳಿನಲ್ಲಿ ಉಳಿದಳು. ವರ್ಷ ತಿರುಗುವಷ್ಟರಲ್ಲಿ ಲಕ್ಕಗೌಡನೂ ಚೌಡಯ್ಯನೂ ಹಳ್ಳ ದಾಟಿ ಅವಳ ಬಳಿಗೆ ಬಂದರು. ಗೌಡನ ಕೈಯಲ್ಲಿ ಹಳೆಯ ಹಗ್ಗವೊಂದಿತ್ತು.

“ಹೊಸ ಮರಿ ತಂದೀವಿ ಹೊನ್ನವ್ವ,” ಎಂದನು ಗೌಡ. “ಬೈರ ಹೋದಾಗಿಂದ ಮನಿ ಬಿಕೋ ಅಂತಿತ್ತು. ಹುಡುಗರು ಊಟ ಬಿಟ್ಟಿದ್ದವು. ನಮಗೇನು ಸಂಕಟ ಇಲ್ಲಂತ ತಿಳಿದೀಯೇನು?”

“ಊರಿಗೆಲ್ಲಾ ಹಗ್ಗ ಬೇಕಾಗ್ಯಾವ,” ಎಂದು ಚೌಡಯ್ಯನು ನಕ್ಕನು. “ನಿನ್ನ ಹುರಿ ಎಷ್ಟು ಗಟ್ಟಿ ಅನ್ನೂದು ಎಲ್ಲಾರೂ ನೋಡೀವಿ.”

“ಕಟ್ಟೋರು ಯಾರು?” ಎಂದು ಹೊನ್ನವ್ವನು ಕೇಳಿದಳು.

“ಅದನ್ನ ಮುಂದ ನೋಡೂಣು,” ಎಂದನು ಗೌಡ. “ಇಷ್ಟುದ್ದ ಇರಲಿ, ಇದು ಅಳತಿಗೆ,” ಎಂದು ಕೈಯಲ್ಲಿದ್ದ ಹಗ್ಗವನ್ನು ಚಾಚಿದನು.

ಅವಳು ಅದನ್ನು ತೆಗೆದುಕೊಂಡಳು. ಅದು ಅವಳೇ ಹೊಸೆದದ್ದು. ಬೈರನ ಕೊರಳಿನಿಂದ ಬಿಚ್ಚಿ ನೆಲಕ್ಕೆ ಹಾಕಿದ್ದು. ಒಣಗಿದ ರಕ್ತಕ್ಕೆ ಅಂಟಿದ ಕಪ್ಪು ಕೂದಲು ಇನ್ನೂ ಅದರಲ್ಲಿತ್ತು. ಗೌಡನು ಅದನ್ನು ಗಮನಿಸಿರಲಿಲ್ಲ. ಹೊನ್ನವ್ವನು ಬಂಡೆಗೆ ಬೆನ್ನು ಕೊಟ್ಟು ಕುಳಿತು, ಹಗ್ಗದ ತುದಿಯನ್ನು ಹಲ್ಲಿನಿಂದ ಬಿಡಿಸಿ, ತಾನು ಹೊಸೆದಿದ್ದಕ್ಕೆ ಎದುರು ದಿಕ್ಕಿನಲ್ಲಿ ಅಂಗೈಯಿಂದ ತೊಡೆಯ ಮೇಲೆ ಉಜ್ಜತೊಡಗಿದಳು. ಎಳೆಗಳು ಒಂದರಿಂದೊಂದು ಬೇರ್ಪಟ್ಟವು, ಎಳೆಯು ನಾರಾಯಿತು. ಅವರಿಬ್ಬರೂ ನೋಡುತ್ತ ನಿಂತಿರಲು, ಅವಳು ತಲೆಯೆತ್ತದೆ, ಇಡೀ ಹಗ್ಗದಲ್ಲಿ ಕಟ್ಟಲು ಬರುವಂಥದು ಒಂದು ಗೇಣೂ ಉಳಿಯದಂತೆ ಬಿಚ್ಚಿ, ನಾರನ್ನು ಗಾಳಿಗೆ ಬಿಟ್ಟಳು.